ನ್ಯಾಯಾಸನದ ಮುಂದೆ

ಕಡೂರು, ತರೀಕೆರೆ, ಅಜ್ಜಂಪುರಗಳ ಬಯಲಿನಲ್ಲಿ ಹಗಲೆಲ್ಲ ಒಂದಾಗಿ ಮೇದ ಕುರಿಮೇಕೆಗಳನ್ನು ಹಟ್ಟಿಯ ಬಾಗಿಲಲ್ಲಿ ಕುರಿಗಾಹಿಯು ಬೇರ್ಪಡಿಸುವಂತೆ, ಅಂತಿಮ ದಿನದಲ್ಲಿ ಪ್ರಭು ಕ್ರಿಸ್ತನು ಸಕಲ ಜನಾಂಗಗಳನ್ನು ವಿಂಗಡಿಸುವನೆಂದು ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯವು ಬೋಧಿಸುತ್ತದೆ. ಆ ನ್ಯಾಯಾಸನದ ಮುಂದೆ ಕುಲ, ಐಶ್ವರ್ಯ, ಪಾಂಡಿತ್ಯಗಳು ಗಣನೆಗೆ ಬಾರವು. ಹಸಿದವನಿಗೆ ಅನ್ನವಿಕ್ಕಿದೆಯಾ, ಪರದೇಶಿಗೆ ಆಶ್ರಯವಿತ್ತೆಯಾ, ರೋಗಿಯನ್ನೂ ಸೆರೆಯಾಳನ್ನೂ ವಿಚಾರಿಸಿ ಬಂದೆಯಾ ಎಂಬುದೇ ಅಲ್ಲಿಯ ವಿಚಾರಣೆ. ಆ ದೀನರೊಳಗೆ ಮರೆಯಾಗಿ ಬಂದವನು ಸ್ವತಃ ನ್ಯಾಯಾಧಿಪತಿಯೇ ಆಗಿರುವನು.

ಮೊದಲನೆಯ ಮಹಾಯುದ್ಧದಲ್ಲಿ ಸಾಮ್ರಾಜ್ಯಗಳು ಉರುಳಿದ ಮೇಲೆ, 1925ರಲ್ಲಿ ಹನ್ನೊಂದನೆಯ ಪಯಸ್ ಪೋಪರು ಆ ನ್ಯಾಯಾಧಿಪತಿಯನ್ನೇ ರಾಜನೆಂದು ಕೊಂಡಾಡುವ ಕ್ರಿಸ್ತರಾಜನ ಹಬ್ಬವನ್ನು ಸ್ಥಾಪಿಸಿದರು; 1963ರಲ್ಲಿ ರೂಪುಗೊಂಡ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೂ ಆರಾಧನಾವರ್ಷದ ಕಡೆಯ ಭಾನುವಾರ ಅದೇ ಪರ್ವದಿನ. ಸೇವೆಯೇ ಸಿಂಹಾಸನವಾಗಿರುವ ಆ ಪ್ರಭುತ್ವಕ್ಕೆ ಅಂತ್ಯವಿಲ್ಲ. ತೀರ್ಪಿನ ದಿನದ ಸಿದ್ಧತೆಯು ಇಂದೇ, ನಮ್ಮ ಬಾಗಿಲಿಗೆ ಬಂದ ಹಸಿದವನಿಂದಲೇ ಆರಂಭವಾಗಲಿ.