ಜೇಬಿಲ್ಲದ ಅಂಗಿ

(ವಿಜಯಪುರದ ಜಲನಗರದಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ಇದೇ ನಗರದ ಜ್ಞಾನಯೋಗಾಶ್ರಮದಲ್ಲಿದ್ದ ಸಿದ್ಧೇಶ್ವರ ಸ್ವಾಮೀಜಿಯವರನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಅವರು ತೊಡುತ್ತಿದ್ದ ಬಿಳಿಯ ಅಂಗಿಗೆ ಜೇಬಿರಲಿಲ್ಲ. 2018ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಪ್ರಧಾನಿಗೆ ಪತ್ರ ಬರೆದು ವಿನಯದಿಂದ ನಿರಾಕರಿಸಿದರು. ತನ್ನ ದೇಹವನ್ನು ದಹಿಸಬೇಕು, ಸ್ಮಾರಕ ಕಟ್ಟಬಾರದು ಎಂದು 2014ರಲ್ಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ನಿಧನರಾದಾಗ ಜನಸಾಗರವೇ ಹರಿದು ಬಂತು. ಆದರೂ ಅಂತ್ಯಕ್ರಿಯೆ ಅವರ ಇಚ್ಛೆಯಂತೆಯೇ ನಡೆಯಿತು.

ಇದರಲ್ಲಿ ನಮಗೇನು ಪಾಠವಿದೆ?

ಮನುಷ್ಯನ ಸಂಕಲ್ಪ ದುರ್ಬಲವಾದುದು. ಹಣ ಎದುರಿಗೆ ಬಂದಾಗ ತೀರ್ಮಾನಿಸೋಣ ಎಂದುಕೊಂಡವನು ಸಾಮಾನ್ಯವಾಗಿ ಹಣದ ಪರವಾಗಿಯೇ ತೀರ್ಮಾನಿಸುತ್ತಾನೆ. ಜೇಬೇ ಇಲ್ಲದಿದ್ದರೆ ಆ ಪ್ರಶ್ನೆ ಏಳುವುದಿಲ್ಲ. ನೀತಿಸಂಹಿತೆ ಎಂದರೆ ಮೊದಲೇ ಮಾಡಿಟ್ಟ ತೀರ್ಮಾನ.

ಗ್ರೀಸಿನ ಸ್ಟೋಯಿಕ್ ಚಿಂತಕರ ದಾರಿ ಬೇರೆ. ಆದರೆ ಅವರೂ ಈ ಮಾತಿನ ಸಮೀಪಕ್ಕೇ ಬಂದಿದ್ದರು. ವಿವೇಕ, ಧೈರ್ಯ, ನ್ಯಾಯ, ಸಂಯಮ ಎಂಬ ನಾಲ್ಕು ಸದ್ಗುಣಗಳೇ ನಿಜವಾದ ಸಂಪತ್ತು. ಐಶ್ವರ್ಯ, ಕೀರ್ತಿ, ಆಯುಷ್ಯಗಳು ನಮ್ಮ ಕೈಯಲ್ಲಿಲ್ಲ ಎಂಬುದು ಅವರ ನಿಲುವು. ಗುಲಾಮನಾಗಿದ್ದ ಎಪಿಕ್ಟೆಟಸ್ ಅದನ್ನು ಬೋಧಿಸಿದನು. ರೋಮಿನ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಅದನ್ನು ತನಗಾಗಿಯೇ ಬರೆದುಕೊಂಡನು. 9ನೇ ಶತಮಾನದ ಅರಬ್ ತತ್ವಜ್ಞಾನಿ ಅಲ್‌ಕಿಂದಿ ದುಃಖ ನಿವಾರಣೆಯ ಕುರಿತ ತನ್ನ ಪ್ರಬಂಧದಲ್ಲಿ, ಕಳೆದುಹೋಗುವ ವಸ್ತುಗಳಿಗೆ ಮನಸ್ಸನ್ನು ಕಟ್ಟಿಹಾಕಿದವನಿಗೆ ದುಃಖ ತಪ್ಪದೆಂದು ವಿವರಿಸಿದನು.

ನಾವು ಸಂನ್ಯಾಸಿಗಳಲ್ಲ. ಮನೆ, ಮಕ್ಕಳು, ಅಂಗಡಿ, ಸಾಲ ಎಲ್ಲವೂ ಇರುವವರು. ನಮ್ಮ ಅಂಗಿಗೆ ಜೇಬು ಬೇಕು. ಆದರೆ ಅದರೊಳಗೆ ಏನು ಬರಬಾರದು ಎಂಬುದನ್ನು ಇಂದೇ ನಿರ್ಧರಿಸಬಹುದಲ್ಲವೇ? ಲಂಚದ ಹಣ, ತೂಕದಲ್ಲಿ ಕದ್ದ ಹಣ, ಮಗನ ಮದುವೆಯಲ್ಲಿ ಸೊಸೆಯ ತಂದೆಯಿಂದ ಪಡೆದ ಹಣ ಇವುಗಳಿಗೆ ನಮ್ಮಲ್ಲಿ ಜೇಬಿಲ್ಲ ಎನ್ನಲು ಯಾವ ಆಶ್ರಮವೂ ಬೇಕಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಹನೆಯನ್ನು ನಾವು ಹೆಚ್ಚಾಗಿ ಇತರರಿಗೇ ಬೋಧಿಸುತ್ತೇವೆ. ವರದಕ್ಷಿಣೆಗಾಗಿ ಪೀಡಿಸಲ್ಪಡುವ ಹೆಣ್ಣುಮಗಳಿಗೆ, 'ಸಹಿಸಿಕೋ ತಾಯಿ' ಎನ್ನುತ್ತೇವೆ. ಪೀಡಿಸುವವನ ಮನೆಯ ಔತಣಕ್ಕೂ ಹೋಗಿ ಬರುತ್ತೇವೆ. ಇದು ಸದ್ಗುಣವಲ್ಲ, ಹೇಡಿತನ. ಆ ನಾಲ್ಕರಲ್ಲಿ ಸಂಯಮದ ಜೊತೆಗೆ ನ್ಯಾಯವೂ ಧೈರ್ಯವೂ ಇವೆ ಎಂಬುದನ್ನು ಮರೆಯದಿರೋಣ. ತನಗಾದ ನಷ್ಟವನ್ನು ಸಹಿಸುವುದು ಸಂಯಮ. ಇನ್ನೊಬ್ಬರಿಗಾದ ಅನ್ಯಾಯವನ್ನು ಸಹಿಸುವುದು ಅದರಲ್ಲಿ ಪಾಲುಗಾರಿಕೆ.

ಆದ್ದರಿಂದ ನೀತಿಸಂಹಿತೆಯನ್ನು ಮೊದಲು ನಮಗಾಗಿ ಬರೆದುಕೊಳ್ಳೋಣ. ನೆರೆಮನೆಯವನನ್ನು ಅಳೆಯುವ ಗಜಕಡ್ಡಿಯಾಗಿ ಅದನ್ನು ಬಳಸದಿರೋಣ. ಇಂದು ರಾತ್ರಿ ಅಂಗಿ ಕಳಚಿಡುವಾಗ ಪ್ರತಿಯೊಬ್ಬರೂ ಜೇಬಿಗೆ ಕೈಹಾಕಿ, ಇದರಲ್ಲಿ ನನ್ನದಲ್ಲದ್ದು ಏನಿದೆ ಎಂದು ಕೇಳಿಕೊಳ್ಳಲಿ. ಉತ್ತರವನ್ನು ಯಾರಿಗೂ ಹೇಳಬೇಕಾಗಿಲ್ಲ. ನಾಳೆ ಅದನ್ನು ಮರಳಿಸಿದರೆ ಸಾಕು.