ಹವಳದ ನೆಲ, ಮಂಗಳೂರಿನ ಜಲ್ಲಿ

ಬಿತ್ರ ದ್ವೀಪದ ನೆಲ 0.105 ಚದರ ಕಿಲೋಮೀಟರ್. ಎಕರೆ ಲೆಕ್ಕದಲ್ಲಿ ಹೇಳಿದರೆ ಇಪ್ಪತ್ತಾರು. ಬೀದರ ಜಿಲ್ಲೆಯ ಹಳ್ಳಿಖೇಡದ ಸುತ್ತಮುತ್ತ ಒಂದು ದೊಡ್ಡ ಒಕ್ಕಲು ಮನೆತನದ ಹೊಲ ಅಷ್ಟಿದ್ದರೆ ಯಾರೂ ಬೆರಗಾಗುವುದಿಲ್ಲ. ಆ ಇಪ್ಪತ್ತಾರು ಎಕರೆಯ ಮೇಲೆ 2011ರ ಜನಗಣತಿಯ ಹೊತ್ತಿಗೆ 271 ಜನ ಬದುಕಿದ್ದರು. ಅದೇ ಬಿತ್ರದ ಮಗ್ಗುಲಲ್ಲಿ ಹವಳದ ದಿಬ್ಬವೊಂದು ಬಳಸಿ ನಿಂತು ಕಾಪಾಡುವ ತಿಳಿನೀರಿನ ಕೊಳವಿದೆ. ಅದಕ್ಕೆ ಲಗೂನ್ ಎನ್ನುತ್ತಾರೆ. ಅದರ ಹರವು 45 ಚದರ ಕಿ.ಮೀ.ಗೂ ಹೆಚ್ಚು. ಮನೆಗಿಂತ ಅಂಗಳ ನಾನೂರು ಪಟ್ಟು ದೊಡ್ಡದು.

ಲಕ್ಷದ್ವೀಪ ಎಂದು ಕರೆಯುವ ಇಡೀ ದ್ವೀಪಸಮೂಹದ ಲೆಕ್ಕವೂ ಹೀಗೆಯೇ. ಹೆಸರಿನಲ್ಲಿ ಲಕ್ಷ, ಸರ್ಕಾರಿ ದಾಖಲೆಯಲ್ಲಿ 36, ಜನ ವಾಸವಿರುವುದು 10. ಒಟ್ಟು ನೆಲ 32 ಚದರ ಕಿ.ಮೀ., ಲಗೂನುಗಳು ಸುಮಾರು 4,200 ಚದರ ಕಿ.ಮೀ. ಕೇರಳದ ತೀರದಿಂದ 220ರಿಂದ 440 ಕಿ.ಮೀ. ದೂರದಲ್ಲಿ, ಅರಬ್ಬಿ ಸಮುದ್ರದ ನಡುವೆ ಚೆಲ್ಲಿಹೋದಂತೆ ಇರುವ ಈ ದ್ವೀಪಗಳಲ್ಲಿ 2011ರಲ್ಲಿ 64 ಸಾವಿರಕ್ಕೂ ಹೆಚ್ಚು ಜನರಿದ್ದರು. ಉತ್ತರದ ಐದು ದ್ವೀಪಗಳಾದ ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ಸೇರಿದ ಗುಂಪಿಗೆ ಅಮಿನಿದಿವಿ ಎಂದು ಹೆಸರು. ಈ ಗುಂಪು ಕನ್ನಡ ನಾಡಿಗೆ ಹೊಸದಲ್ಲ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಇಲ್ಲಿನ ಕಾರುಬಾರು ನಡೆದದ್ದು ಮಂಗಳೂರಿನ ಕಲೆಕ್ಟರರ ಕಚೇರಿಯಿಂದ.

ಬೀದರ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಮಿನಿದಿವಿಯ ನೆಲ ಬಹುಪಾಲು ಒಂದೆರಡು ಮೀಟರ್ ಎತ್ತರದ್ದು. ಆದರೂ ಎರಡರ ಬುಡ ಒಂದೇ ಒಲೆಯದು ಎಂಬುದು ಭೂವಿಜ್ಞಾನಿಗಳಲ್ಲಿ ಹೆಚ್ಚಿನವರು ಒಪ್ಪುವ ಮಾತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಒಳಗಿನ ಒಂದು ಬಿಸಿ ಬುಗ್ಗೆ ದಖ್ಖನ್ನಿನ ಮೇಲೆ ಲಾವಾ ಉಕ್ಕಿಸಿತು. ಹುಮನಾಬಾದ್, ಬಸವಕಲ್ಯಾಣದ ಕರಿಗಲ್ಲು ಅದರದ್ದು. ಆ ಕಲ್ಲು ಸವೆದು ಆದ ಎರೆಮಣ್ಣಿನಲ್ಲೇ ಈಗ ತೊಗರಿ, ಜೋಳ ಬೆಳೆಯುತ್ತವೆ. ಭಾರತದ ಭೂಫಲಕ ಉತ್ತರಕ್ಕೆ ಸರಿಯುತ್ತ ಹೋದಂತೆ ಅದೇ ಬುಗ್ಗೆ ಸಮುದ್ರದ ತಳದಲ್ಲಿ ಒಂದರ ಹಿಂದೊಂದು ಜ್ವಾಲಾಮುಖಿ ಬೆಟ್ಟಗಳನ್ನು ಎಬ್ಬಿಸಿತು. ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ಈ ಸಾಲಿನಲ್ಲಿ ಬರುತ್ತವೆ. ಬುಗ್ಗೆ ಈಗ ಮಡಗಾಸ್ಕರ್‌ಗೆ ಪೂರ್ವದ ರಿಯೂನಿಯನ್ ದ್ವೀಪದಡಿ ಇದೆ, ಇನ್ನೂ ಲಾವಾ ಕಾರುತ್ತಿದೆ.

ದಖ್ಖನ್ನಿನ ಲಾವಾ ನೆಲದ ಮೇಲೆ ಹರಿದು ಪದರಪದರವಾಗಿ ಗಟ್ಟಿಯಾಯಿತು, ಹಾಗೆಯೇ ಉಳಿಯಿತು. ಸಮುದ್ರದ ಬೆಟ್ಟಗಳು ತಣ್ಣಗಾಗಿ, ತಮ್ಮ ಭಾರಕ್ಕೆ ತಾವೇ ಕುಸಿಯುತ್ತ ಮುಳುಗಿದವು. ಮುಳುಗುವ ಬೆಟ್ಟದ ಹೆಗಲ ಮೇಲೆ ಹವಳದ ಹುಳುಗಳು ಗೂಡು ಕಟ್ಟಿದವು. ಹವಳಕ್ಕೆ ಬಿಸಿಲು ಬೇಕು, ಆಳದಲ್ಲಿ ಅದು ಸಾಯುತ್ತದೆ. ಹಾಗಾಗಿ ಬೆಟ್ಟ ಒಂದು ಗೇಣು ಇಳಿದರೆ ಹವಳ ಒಂದು ಗೇಣು ಏರಬೇಕು. ಕೊನೆಗೆ ಬೆಟ್ಟ ಪೂರ್ತಿ ಮುಳುಗಿ, ಅದರ ಸುತ್ತಲಿನ ಹವಳದ ಬಳೆ ಮಾತ್ರ ನೀರಿನ ಮಟ್ಟದಲ್ಲಿ ಉಳಿಯಿತು. ಚಾರ್ಲ್ಸ್ ಡಾರ್ವಿನ್ 1842ರ ತನ್ನ ಪುಸ್ತಕದಲ್ಲಿ ಈ ವಿವರಣೆ ಕೊಟ್ಟ. ಆ ಬಳೆಗೆ ಜಗತ್ತು ಬಳಸುವ 'ಅಟಾಲ್' ಎಂಬ ಹೆಸರು ಮಾಲ್ಡೀವ್ಸಿನ ದಿವೇಹಿ ಭಾಷೆಯಿಂದ ಬಂದದ್ದು. ಬಳೆಯ ಮೇಲೆ ಅಲೆ ಒಡೆದು ಚೂರಾದ ಹವಳ, ಚಿಪ್ಪು, ಮರಳು ಗುಡ್ಡೆಯಾಗಿ ದ್ವೀಪವಾಯಿತು. ಒಂದು ಹಿಡಿ ಬಿಳಿ ಮರಳು ಎತ್ತಿಕೊಂಡರೆ ಅದರಲ್ಲಿ ಕಲ್ಲಿನ ಹರಳು ಸಿಗದು. ಅದೆಲ್ಲ ಒಂದು ಕಾಲಕ್ಕೆ ಜೀವವಿದ್ದ ಮೈಗಳ ಪುಡಿ.

ದ್ವೀಪದ ಎರಡು ಮಗ್ಗುಲು ಒಂದಕ್ಕೊಂದು ಹೋಲುವುದೇ ಇಲ್ಲ. ಲಗೂನ್ ಸಾಮಾನ್ಯವಾಗಿ ಪಶ್ಚಿಮಕ್ಕೆ, ನೆಲ ಬಳೆಯ ಪೂರ್ವದ ಅಂಚಿನಲ್ಲಿ. ಮುಂಗಾರಿನ ಅಲೆಗಳು ಪಶ್ಚಿಮದ ದಿಬ್ಬಕ್ಕೆ ಬಂದು ಬಡಿಯುತ್ತವೆ. ದಿಬ್ಬದ ಆಚೆ ನೊರೆ, ಗದ್ದಲ, ಈಚೆ ಮಕ್ಕಳು ಆಡುವಷ್ಟು ಶಾಂತ ನೀರು. ಇಳಿತದ ವೇಳೆ ಲಗೂನಿನ ಅಂಚಿನಲ್ಲಿ ಮೊಣಕಾಲುದ್ದದ ನೀರಿನಲ್ಲಿ ನಡೆದು ಭರ್ಜಿಯಿಂದ ಅಷ್ಟಪದಿ ಹಿಡಿಯುತ್ತಾರೆ. ದಿಬ್ಬ ದಾಟಿ ಕೆಲವು ನೂರು ಮೀಟರ್ ಹೋಗುವಷ್ಟರಲ್ಲಿ ಕಡಲು ಮುನ್ನೂರು ಮೀಟರಿಗೂ ಹೆಚ್ಚು ಆಳಕ್ಕೆ ಬೀಳುತ್ತದೆ. ದೊಡ್ಡ ದ್ವೀಪವಾದ ಆಂದ್ರೋತಿಗೆ ಹೇಳಿಕೊಳ್ಳುವಂಥ ಲಗೂನೇ ಇಲ್ಲ. ನೆಲ ಸುಮಾರು 4.9 ಚದರ ಕಿ.ಮೀ. ಇದ್ದೂ ದೋಣಿ ನಿಲ್ಲಿಸಲು ಜಾಗದ ತೊಂದರೆ. ಬಿತ್ರದ್ದು ಇದಕ್ಕೆ ತದ್ವಿರುದ್ಧ. ಸಮುದ್ರ ಕೊಟ್ಟ ಭಾಗ್ಯ ಹೀಗೆ ಅಡ್ಡಾದಿಡ್ಡಿ. ಕಲ್ಪೇನಿ ದ್ವೀಪದ ಪೂರ್ವ ತೀರದ ಉದ್ದಕ್ಕೂ ಹವಳದ ಬಂಡೆಗಳ ಒಂದು ಒಡ್ಡು ಬಿದ್ದಿದೆ. ಅದನ್ನು ಯಾರೂ ಕಟ್ಟಿಸಿದ್ದಲ್ಲ, 1847ರ ಚಂಡಮಾರುತ ಎಸೆದು ಹೋದದ್ದು ಎನ್ನುತ್ತಾರೆ.

ಎಲ್ಲಕ್ಕಿಂತ ಸೋಜಿಗದ್ದು ಕುಡಿಯುವ ನೀರು. ಮಳೆ ವರ್ಷಕ್ಕೆ ಸುಮಾರು 1,500–1,600 ಮಿ.ಮೀ., ಬೀದರಿಗಿಂತ ಬಹಳ ಹೆಚ್ಚು. ಆದರೆ ಹೊಳೆಯಿಲ್ಲ, ಹಳ್ಳವಿಲ್ಲ, ಕೆರೆ ಕಟ್ಟಲು ತಗ್ಗಿಲ್ಲ. ಬಿದ್ದ ಮಳೆ ಮರಳಿನಲ್ಲಿ ನೇರ ಇಂಗುತ್ತದೆ. ಕೆಳಗೆ ಉಪ್ಪುನೀರು ಆಗಲೇ ತುಂಬಿದೆ. ಸಿಹಿನೀರು ಉಪ್ಪುನೀರಿಗಿಂತ ತುಸು ಹಗುರ, ಆದ್ದರಿಂದ ಅದು ಬೆರೆಯದೆ ಮೇಲೆ ತೇಲುತ್ತದೆ. ಹಾಲಿನ ಮೇಲಿನ ಕೆನೆ ನೆನೆದರೆ ಅರ್ಧ ಸರಿ. ಪೂರ್ತಿ ಸರಿಯಾಗಬೇಕಾದರೆ ಆ ಕೆನೆ ನಡುವೆ ದಪ್ಪ, ಅಂಚಿನಲ್ಲಿ ತೆಳ್ಳಗೆ, ಮಸೂರದ ಆಕಾರದಲ್ಲಿ ಇರಬೇಕು. ಗೈಬೆನ್ ಮತ್ತು ಹರ್ಜ್‌ಬರ್ಗ್ ಎಂಬಿಬ್ಬರ ಹೆಸರಿನ ಸೂತ್ರದಂತೆ, ಸಮುದ್ರಮಟ್ಟಕ್ಕಿಂತ ಮೇಲೆ ಒಂದು ಅಡಿ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಅಡಿ ಇರಬೇಕು. ಲೆಕ್ಕದ ಈ ನಲವತ್ತು ಸಣ್ಣ ದ್ವೀಪದಲ್ಲಿ ಪೂರ್ತಿ ದಕ್ಕುವುದಿಲ್ಲ, ಉಬ್ಬರವಿಳಿತ ಅದನ್ನು ಕಲಕುತ್ತಲೇ ಇರುತ್ತದೆ.

ಬಾವಿ ತೋಡುವ ರೀತಿಯೂ ಅದಕ್ಕೆ ತಕ್ಕಂತೆ. ಮೇಲಿನ ತೆಳು ಮಣ್ಣು ಸರಿಸಿದರೆ ಚಿಪ್ಪು ಹುದುಗಿದ ಗಟ್ಟಿ ಸುಣ್ಣಗಲ್ಲಿನ ಒಂದು ಪದರ ಬರುತ್ತದೆ. ಅದನ್ನು ಒಡೆದರೆ ಕೆಳಗೆ ನುಣುಪು ಮರಳು. ಮರಳು ಎತ್ತಿದರೆ ನೀರು ತಾನಾಗಿ ತುಂಬುತ್ತದೆ. ಕರಿಗಲ್ಲಿನಲ್ಲಿ ನೂರಾರು ಅಡಿ ಬೋರು ಕೊರೆಸಿ ಕೈಸುಟ್ಟುಕೊಂಡವರಿಗೆ ಇದು ಹೊಟ್ಟೆಕಿಚ್ಚಿನ ಸಂಗತಿಯಾಗಿ ಕಾಣಬಹುದು. ಆದರೆ ಆ ಬಾವಿಯ ನೀರು ಸಮುದ್ರದ ಉಬ್ಬರಕ್ಕೆ ಏರುತ್ತದೆ, ಇಳಿತಕ್ಕೆ ಇಳಿಯುತ್ತದೆ. ಪಂಪು ಹಾಕಿ ಜೋರಾಗಿ ಎಳೆದರೆ ತೇಲುವ ಪದರ ಹರಿದು ಉಪ್ಪು ಮೇಲೆ ಬರುತ್ತದೆ. ಹೆಚ್ಚು ಆಳ ತೋಡಿದರೂ ಅದೇ ಗತಿ. ದಖ್ಖನ್ನಿನಲ್ಲಿ ಆಳಕ್ಕೆ ಇಳಿದವನಿಗೆ ನೀರು ಸಿಕ್ಕೀತು. ಇಲ್ಲಿ ಮೇಲ್ಮೈಯಲ್ಲೇ ನಿಂತವನಿಗೆ ನೀರು.

2005ರಲ್ಲಿ ಕವರತ್ತಿ ದ್ವೀಪದಲ್ಲಿ ಸಮುದ್ರದ ನೀರನ್ನೇ ಸಿಹಿ ಮಾಡುವ ಸ್ಥಾವರ ಶುರುವಾಯಿತು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕಟ್ಟಿದ ಇದರ ಸಾಮರ್ಥ್ಯ ದಿನಕ್ಕೆ ಒಂದು ಲಕ್ಷ ಲೀಟರ್. ಮೇಲ್ಮೈಯ ಬೆಚ್ಚನೆ ನೀರನ್ನು ಗಾಳಿ ತೆಗೆದ ಕೋಣೆಗೆ ಬಿಟ್ಟರೆ ಒಂದಿಷ್ಟು ಆವಿಯಾಗುತ್ತದೆ. ಸುಮಾರು 350 ಮೀಟರ್ ಆಳದಿಂದ ಕೊಳವೆಯಲ್ಲಿ ತಂದ ತಣ್ಣೀರು ಆ ಆವಿಯನ್ನು ತಣಿಸಿ ಸಿಹಿನೀರಾಗಿಸುತ್ತದೆ. ತೀರದ ಪಕ್ಕದಲ್ಲೇ ಕಡಲು ಅಷ್ಟು ಆಳವಾಗಿರುವುದರಿಂದ ಮಾತ್ರ ಇದು ಸಾಧ್ಯ. ಬಿಸಿ ಮತ್ತು ತಂಪು ಇಷ್ಟು ಹತ್ತಿರ ಸಿಗುವ ತೀರಗಳು ಮುಖ್ಯಭೂಮಿಯಲ್ಲಿ ವಿರಳ. 2011ರಲ್ಲಿ ಮಿನಿಕಾಯ್ ಮತ್ತು ಅಗತ್ತಿ ದ್ವೀಪಗಳಿಗೂ ಇಂಥ ಸ್ಥಾವರ ಬಂತು.

ದ್ವೀಪದಲ್ಲಿ ಏನಿಲ್ಲ ಎಂಬ ಪಟ್ಟಿಯೂ ಉದ್ದ. ಹಾವಿಲ್ಲ, ನಾಯಿ ಇಲ್ಲ. ಇಲಿ ಮಾತ್ರ ಬೇಕಾದಷ್ಟು. ತೆಂಗಿನ ಗರಿಗಳಲ್ಲಿ ಗೂಡು ಮಾಡಿ ಎಳನೀರು ಕೊರೆಯುತ್ತದೆ. ಹಿಂದೆ ಊರ ಗಂಡಸರೆಲ್ಲ ಸೇರಿ ಇಲಿ ಬೇಟೆಗೆ ಹೋಗುವುದು ಕಡ್ಡಾಯದ ಕೆಲಸವಾಗಿತ್ತು. ಕವರತ್ತಿಯಿಂದ ಸುಮಾರು 24 ಕಿ.ಮೀ. ದೂರದ ಪಿಟ್ಟಿ ಎಂಬ ಮರಳ ದಿಣ್ಣೆಯಲ್ಲಿ ಒಂದು ಗಿಡವಿಲ್ಲ, ಒಂದು ಹನಿ ಸಿಹಿನೀರಿಲ್ಲ. ಎಕರೆ ಲೆಕ್ಕದಲ್ಲಿ ಮೂರು ಮೀರದು. ಅಲ್ಲಿ ಸಾವಿರಾರು ರೀವಕ್ಕಿಗಳು ಬರಿಮರಳಿನ ಮೇಲೆ ಮೊಟ್ಟೆಯಿಡುತ್ತವೆ.

ತೆಂಗೊಂದೇ ಇಲ್ಲಿನ ಬೆಳೆ. ಅಕ್ಕಿ ಬೆಳೆಯದ ನೆಲದಲ್ಲಿ ಅಕ್ಕಿಯೇ ಊಟ, ಅದಕ್ಕೆ ತೆಂಗಿನ ನಾರು ಕೊಡಬೇಕಿತ್ತು. ಹೆಂಗಸರು ತೆಂಗಿನ ಸಿಪ್ಪೆಯನ್ನು ಲಗೂನಿನ ಅಂಚಿನ ಮರಳಲ್ಲಿ ಗುಂಡಿ ತೋಡಿ ಹೂಳುತ್ತಿದ್ದರು. ಅಲೆ ಎಳೆದೊಯ್ಯದಂತೆ ಮೇಲೆ ಹವಳದ ಕಲ್ಲು ಹೇರುತ್ತಿದ್ದರು. ತಿಂಗಳುಗಟ್ಟಲೆ ಕೊಳೆತ ಸಿಪ್ಪೆಯನ್ನು ತೆಗೆದು ಮರದ ಕೊಡತಿಯಿಂದ ಬಡಿದು, ತೊಳೆದು, ಒಣಗಿಸಿ, ಅಂಗೈಗಳ ನಡುವೆ ಹೊಸೆದು ಹುರಿ ಮಾಡುತ್ತಿದ್ದರು. ಉಪ್ಪುನೀರಿನಲ್ಲಿ ನೆನೆದ ನಾರಿಗೆ ಹೊಂಬಣ್ಣ. ಗಂಡಸರು ಅದನ್ನು ಓಡಂ ಎಂಬ ಹಾಯಿ ಹಡಗಿಗೆ ತುಂಬಿ ಮಂಗಳೂರಿಗೆ ಒಯ್ಯುತ್ತಿದ್ದರು. ಆ ಹಡಗಿನ ಹಲಗೆಗಳನ್ನು ಹೊಲಿದದ್ದೂ ಅದೇ ಹುರಿಯಿಂದ. ಮೇ ತಿಂಗಳ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಕಡಲು ಮುಚ್ಚಿದಂತೆ. ಅದು ಮುಚ್ಚುವ ಮೊದಲೇ ಅಕ್ಕಿ ಮನೆ ಸೇರಬೇಕಿತ್ತು.

ಈ ಅಕ್ಕಿ–ನಾರಿನ ವಿನಿಮಯವೇ ಅಮಿನಿದಿವಿಯ ರಾಜಕೀಯ. ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ನಾರಿನ ವ್ಯಾಪಾರವೂ ಅವರದೇ ಏಕಸ್ವಾಮ್ಯ. ಅವರ ಆಳ್ವಿಕೆಯಿಂದ ಬೇಸತ್ತ ಅಮಿನಿಯ ಜನ 1780ರ ದಶಕದಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಉತ್ತರದ ಐದು ದ್ವೀಪ ಮೈಸೂರಿಗೆ ಸೇರಿದವು, ದಕ್ಷಿಣದವು ಅರಕ್ಕಲ್‌ಗೇ ಉಳಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಮಿನಿದಿವಿ ಈಸ್ಟ್ ಇಂಡಿಯಾ ಕಂಪನಿಗೆ ಹೋಗಿ ದಕ್ಷಿಣ ಕನ್ನಡದ ಭಾಗವಾಯಿತು. ಅಮಿನಿಯಲ್ಲಿ ಮೊಣೆಗಾರನೆಂಬ ಅಧಿಕಾರಿ ಕೂತ. ಕಂಪನಿಯೂ ನಾರಿನ ಏಕಸ್ವಾಮ್ಯ ಬಿಡಲಿಲ್ಲ: ನಾರು ಸರ್ಕಾರಕ್ಕೇ ಕೊಡಬೇಕು, ಬದಲಿಗೆ ಸರ್ಕಾರ ಅಕ್ಕಿ ಕೊಡುತ್ತದೆ, ದರವೂ ಸರ್ಕಾರದ್ದೇ. ಒಡೆಯ ಬದಲಾದ, ತಕ್ಕಡಿ ಬದಲಾಗಲಿಲ್ಲ. ದಕ್ಷಿಣದ ದ್ವೀಪಗಳು ಮುಂದೆ ಬ್ರಿಟಿಷರ ವಶಕ್ಕೆ ಬಂದು ಮಲಬಾರ್ ಜಿಲ್ಲೆಗೆ ಸೇರಿದವು.

1956ರ ನವೆಂಬರ್ 1ರಂದು ಎರಡು ಗುಂಪೂ ಕೂಡಿ ಕೇಂದ್ರಾಡಳಿತ ಪ್ರದೇಶವಾಯಿತು. ಅದೇ ದಿನ ಹೈದರಾಬಾದ್ ರಾಜ್ಯದಿಂದ ಬೀದರ ಜಿಲ್ಲೆ ಮೈಸೂರಿಗೆ ಬಂತು, ಹಳ್ಳಿಖೇಡ ಕನ್ನಡದ ನಕಾಶೆಯೊಳಗೆ ಸೇರಿತು. ಅಮಿನಿ ಮಂಗಳೂರಿನ ನಕಾಶೆಯಿಂದ ಹೊರಗಾಯಿತು. ಲಕ್ಷದ್ವೀಪ ಎಂಬ ಹೆಸರು ಅಧಿಕೃತವಾದದ್ದು 1973ರಲ್ಲಿ.

ಜನಜೀವನದ ಒಳಗೂ ಒಂದು ಜೋಡಿ ಲೆಕ್ಕವಿದೆ. ದ್ವೀಪದವರು ಬಹುಪಾಲು ಎಲ್ಲರೂ ಮುಸ್ಲಿಮರು. ಆಂದ್ರೋತಿನಲ್ಲಿ ಗೋರಿಯಿರುವ ಸಂತ ಉಬೈದುಲ್ಲಾ ಧರ್ಮ ತಂದರೆಂಬುದು ಅವರ ನಂಬಿಕೆ. ಆದರೆ ಮನೆತನ ತಾಯಿಯ ಕಡೆಯಿಂದ ನಡೆಯುತ್ತದೆ, ತುಳುನಾಡಿನ ಅಳಿಯಕಟ್ಟಿನ ಹಾಗೆ. ಹಳೆಯ ರೂಢಿಯಲ್ಲಿ ಗಂಡ ರಾತ್ರಿ ಹೆಂಡತಿಯ ಮನೆಗೆ ಬರುತ್ತಿದ್ದ, ಬೆಳಿಗ್ಗೆ ತನ್ನ ತಾಯಿಮನೆಗೆ ಮರಳುತ್ತಿದ್ದ. ಆಸ್ತಿಗೆ ವಾರದ ಹೆಸರಿಟ್ಟಿದ್ದಾರೆ. ತಾಯಿಯ ಮನೆತನದಿಂದ ಬಂದದ್ದು ಶುಕ್ರವಾರದ ಆಸ್ತಿ, ಹೆಣ್ಣಿನ ಸಂತತಿಯಲ್ಲೇ ಉಳಿಯಬೇಕು. ಸ್ವಂತ ದುಡಿದು ಗಳಿಸಿದ್ದು ಸೋಮವಾರದ ಆಸ್ತಿ, ಶರೀಯತ್ ಪ್ರಕಾರ ಮಕ್ಕಳಿಗೆ ಹಂಚಬಹುದು. ಒಂದೇ ಮನೆಯ ಹಿತ್ತಲಲ್ಲಿ ಈ ತೆಂಗು ಶುಕ್ರವಾರದ್ದು, ಆ ತೆಂಗು ಸೋಮವಾರದ್ದು ಇರಬಹುದು. ಸಮಾಜಶಾಸ್ತ್ರಜ್ಞೆ ಲೀಲಾ ದುಬೆ ಇದನ್ನು ಕಲ್ಪೇನಿಯಲ್ಲಿ ಅಭ್ಯಾಸ ಮಾಡಿ 1969ರಲ್ಲಿ ಪುಸ್ತಕ ಬರೆದರು. ಎರಡು ಕಾನೂನು ಕಚ್ಚಾಡದೆ ಒಂದೇ ಸೂರಿನಡಿ ಬಾಳುವುದಕ್ಕೆ ಇದಕ್ಕಿಂತ ಸರಳ ಉಪಾಯ ಸಿಗುವುದು ಕಷ್ಟ.

ದಕ್ಷಿಣ ತುದಿಯ ಮಿನಿಕಾಯ್ ಬೇರೆಯೇ. ಉಳಿದ ದ್ವೀಪಗಳಲ್ಲಿ ಮಲಯಾಳಕ್ಕೆ ಹತ್ತಿರದ ಜೆಸರಿ ಮಾತಾದರೆ, ಇಲ್ಲಿ ದಿವೇಹಿಯ ಬಗೆಯಾದ ಮಹಲ್, ಬಲದಿಂದ ಎಡಕ್ಕೆ ಬರೆಯುವ ತಾನಾ ಲಿಪಿ. ಇಲ್ಲಿನ ಟ್ಯೂನಾ ಬೇಟೆಗೆ ಶಾಂತ ನೀರೂ ಬೇಕು, ಕೆರಳಿದ ನೀರೂ ಬೇಕು. ನಸುಕಿನಲ್ಲಿ ಲಗೂನಿನೊಳಗೆ ಬಲೆ ಹಾಕಿ ಬೆರಳುದ್ದದ ಮರಿಮೀನು ಹಿಡಿದು ದೋಣಿಯ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಳ್ಳುತ್ತಾರೆ. ದಿಬ್ಬ ದಾಟಿ ಹೊರಗಡಲಿನಲ್ಲಿ ಆ ಮರಿಗಳನ್ನು ಎರಚಿ, ನೀರು ಚಿಮುಕಿಸಿ ಟ್ಯೂನಾ ಹಿಂಡನ್ನು ಮರುಳು ಮಾಡುತ್ತಾರೆ. ಮುಳ್ಳಿಲ್ಲದ ಗಾಳದ ಕೋಲು ಎತ್ತಿ ಬೀಸಿದರೆ ಮೀನು ಬೆನ್ನ ಹಿಂದೆ ಹಲಗೆಯ ಮೇಲೆ ಬೀಳುತ್ತದೆ, ಗಾಳ ತಾನೇ ಕಳಚುತ್ತದೆ. ಬೇಯಿಸಿ, ಹೊಗೆ ಹಾಕಿ, ಒಣಗಿಸಿದ ಟ್ಯೂನಾ 'ಮಾಸ್' ಕಟ್ಟಿಗೆಯಷ್ಟು ಗಟ್ಟಿ.

ಹವಳ ಮೇಲೇರುವ ಓಟ ಈಗ ಕುಂಟುತ್ತಿದೆ. 1998, 2010, 2016ರಲ್ಲಿ ಸಮುದ್ರ ಬಿಸಿಯಾಗಿ ಲಕ್ಷದ್ವೀಪದ ಹವಳ ಬಿಳಿಚಿ ಸತ್ತಿತು. ಬಂಗಾರಂ ದ್ವೀಪದ ಹತ್ತಿರದ ಪರಳಿ-1 ಎಂಬ ನಿರ್ಜನ ನಡುಗಡ್ಡೆ ಕೊರೆದುಹೋಗಿ ಕಾಣೆಯಾಯಿತೆಂದು 2017ರಲ್ಲಿ ವರದಿಯಾಯಿತು. ಗಟ್ಟಿ ಹವಳಗಳಿಗೆ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಹಿಂದೆ ಹವಳದ ಕಲ್ಲು ಒಡೆದು ಗೋಡೆ ಕಟ್ಟಿ, ಹವಳವನ್ನೇ ಸುಟ್ಟ ಸುಣ್ಣ ಬಳಿಯುತ್ತಿದ್ದರು. ಈಗ ಅದಕ್ಕೆ ಅವಕಾಶವಿಲ್ಲ. ಆದ್ದರಿಂದ ಹವಳದಿಂದಲೇ ಆದ ದ್ವೀಪಕ್ಕೆ ಕಲ್ಲು ಹೊರಗಿನಿಂದ ಬರಬೇಕು. ಮುಂಗಾರು ಮುಗಿದು ಕಡಲು ತೆರೆದೊಡನೆ ಮಂಗಳೂರಿನ ಹಳೆ ಬಂದರಿನಲ್ಲಿ ಮಂಜಿ ಎಂಬ ಸರಕು ಹಡಗುಗಳು ಸಾಲುಗಟ್ಟುತ್ತವೆ. ಅಕ್ಕಿ, ತರಕಾರಿ, ಸಿಮೆಂಟು ಏರುತ್ತವೆ. ಅವುಗಳ ಜೊತೆಗೆ ಬುಟ್ಟಿಬುಟ್ಟಿಯಾಗಿ ಜಲ್ಲಿಕಲ್ಲು ಏರುತ್ತದೆ.