ಅಕ್ಷರ ಒಡೆದರೆ ಯಂತ್ರ ಕೆಟ್ಟಂತಲ್ಲ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಈ ಶಾಲೆಯಲ್ಲಿ ಮೂರು ವರ್ಷ ಕಲಿತು, ಬಿ.ಇ. ಮುಗಿಸಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. "ನಿನ್ನ ಕೆಲಸದ ಬಗ್ಗೆ ನಮಗೂ ತಿಳಿಯೋ ಹಾಗೆ ಎರಡು ಮಾತಾಡಪ್ಪ" ಎಂದು ಹೆಡ್‌ಮಾಸ್ಟರ್ ಹೇಳಿದರು. ಹಾಗಾಗಿ ಕಳೆದ ವರ್ಷ ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ನಮ್ಮ ಕಂಪ್ಯೂಟರ್ ಕೊಠಡಿಯಲ್ಲಿ ನಡೆದದ್ದನ್ನೇ ಹೇಳುತ್ತೇನೆ.

ಅಲ್ಲಿ ಆರು ಹಳೆಯ ಕಂಪ್ಯೂಟರ್‌ಗಳು ಬಟ್ಟೆ ಹೊದ್ದು ಕೂತಿದ್ದವು. ಅವಕ್ಕೆ ಲಿನಕ್ಸ್ ಹಾಕಿಕೊಡಲು ಬಂದಿದ್ದೆ. ಲಿನಕ್ಸ್ ಎಂದರೆ ಯಾರು ಬೇಕಾದರೂ ಬಳಸಬಹುದಾದ, ಹಂಚಬಹುದಾದ, ತಿದ್ದಬಹುದಾದ ವ್ಯವಸ್ಥೆ. 1991ರಲ್ಲಿ ಅದರ ತಿರುಳನ್ನು ಬರೆಯಲು ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್ ಆಗ ಫಿನ್ಲೆಂಡಿನಲ್ಲಿ ಓದುತ್ತಿದ್ದ 21 ವರ್ಷದ ವಿದ್ಯಾರ್ಥಿ.

ಐದು ಕಂಪ್ಯೂಟರ್‌ಗಳಲ್ಲಿ ತೊಂದರೆಯಾಗಲಿಲ್ಲ. ಆರನೆಯದಕ್ಕೆ ಪೆನ್‌ಡ್ರೈವ್ ಚುಚ್ಚಿ ಆನ್ ಮಾಡಿದರೆ, ಮೊದಲು ಬರುವ ಬೂಟ್ ಪರದೆಯೇ ಒಡೆದುಹೋಗಿತ್ತು. ಸಾಲುಗಳು ಒಂದರ ಮೇಲೊಂದು ಬಿದ್ದು, ಅಕ್ಷರಗಳು ಬಾಚಣಿಗೆಯ ಹಲ್ಲಿನಂತೆ ಸೀಳಿದ್ದವು. "ಇದು ಕೆಟ್ಟಿದೆ, ಗುಜರಿಗೆ ಹಾಕೋಣ" ಎಂದರು ಒಬ್ಬರು. ನನಗೂ ಹಾಗೇ ಅನ್ನಿಸಿತು. ಸುಮ್ಮನೆ ಕೆಳಬಾಣದ ಕೀಲಿ ಒತ್ತಿದೆ. ಪಕ್ಕದಲ್ಲಿದ್ದ ಒಂಬತ್ತನೇ ತರಗತಿಯ ಹುಡುಗಿ ಕೂಗಿದಳು: "ಸಾರ್, ಪಟ್ಟಿ ಕೆಳಗೆ ಹೋಯ್ತು!"

ಹೌದು, ಆ ಗಲೀಜಿನ ನಡುವೆ ಬಣ್ಣದ ಪಟ್ಟಿಯೊಂದು ಒಂದು ಸಾಲು ಕೆಳಗಿಳಿದಿತ್ತು. ಅಂದರೆ ಯಂತ್ರ ನಮ್ಮ ಮಾತು ಕೇಳುತ್ತಿದೆ. ಅದಕ್ಕೆ ತೋರಿಸಲು ಬರುತ್ತಿಲ್ಲ, ಅಷ್ಟೇ.

ಪೆನ್‌ಡ್ರೈವ್ ಒಂದೇ ಆದ್ದರಿಂದ ಪರದೆಯೂ ಒಂದೇ. ಅದನ್ನು ಪಕ್ಕದ ಕಂಪ್ಯೂಟರ್‌ಗೆ ಹಾಕಿ, ಯಾವ ಕೀಲಿ ಎಷ್ಟು ಸಲ ಒತ್ತಬೇಕೆಂದು ಮಕ್ಕಳು ಪಾಟಿಯಲ್ಲಿ ಬರೆದುಕೊಂಡರು. ಮತ್ತೆ ಇಲ್ಲಿಗೆ ತಂದು ಕಣ್ಣು ಕಟ್ಟಿದವರಂತೆ ಅದನ್ನೇ ಒತ್ತಿದೆವು. ಪರದೆ ಪೂರ್ತಿ ಕಪ್ಪಾಯಿತು! ಲಿನಕ್ಸ್ ಏಳುವಾಗ ಪರದೆಯ ಅಳತೆಯನ್ನು ತಾನೇ ಬದಲಿಸಲು ನೋಡುತ್ತದೆ. ಕೆಲವು ಹಳೆಯ ಗ್ರಾಫಿಕ್ಸ್ ಚಿಪ್‌ಗಳಿಗೆ ಅದು ಒಗ್ಗುವುದಿಲ್ಲ. "ಬದಲಿಸಬೇಡ, ಇದ್ದಂತೆ ಇರಲಿ" ಎನ್ನಲು ಒಂದು ಪದವಿದೆ: ನೋಮೋಡ್‌ಸೆಟ್. ಮರಳಿ ಆನ್ ಮಾಡಿ, ಲೆಕ್ಕದ ಪ್ರಕಾರ ಆ ಸಾಲಿಗೆ ಹೋಗಿ, ಟ್ಯಾಬ್ ಒತ್ತಿ, ಕಾಣದೆಯೇ ಆ ಪದ ಸೇರಿಸಿ ಎಂಟರ್ ಒತ್ತಿದೆವು. ಅಕ್ಷರಗಳು ಒಂದೊಂದಾಗಿ, ಶುಭ್ರವಾಗಿ ಇಳಿದುಬಂದವು. ಮಕ್ಕಳು ಚಪ್ಪಾಳೆ ತಟ್ಟಿದರು.

"ಇಲ್ಲಿ ಕನ್ನಡ ಯಾಕಿಲ್ಲ ಸಾರ್?" ಎಂದು ಅದೇ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಹಳೆಯ ಪಠ್ಯ ಪರದೆಯಲ್ಲಿ ಅಡ್ಡಕ್ಕೆ 80, ಉದ್ದಕ್ಕೆ 25 ಮನೆಗಳು. ಒಂದು ಮನೆಗೆ ಒಂದು ಅಕ್ಷರ. ಅಚ್ಚುಮೊಳೆಗಳ ಹಾಗೆ ಒಟ್ಟು 256 ಆಕೃತಿಗಳು, ಹೆಚ್ಚೆಂದರೆ 512. ನಮ್ಮ 'ಸ್ತ್ರೀ' ಎಂಬ ಅಕ್ಷರ ಒತ್ತು, ದೀರ್ಘ ಎಲ್ಲ ಸೇರಿಸಿಕೊಂಡು ಅಂಥ ಒಂದು ಮನೆಯಲ್ಲಿ ಹಿಡಿಸುವುದಿಲ್ಲ. ಅದಕ್ಕೇ ಡೆಬಿಯನ್ ಎಂಬ ಲಿನಕ್ಸ್ 2007ರ ಆವೃತ್ತಿಯಿಂದ ಚಿತ್ರರೂಪದ ಅನುಸ್ಥಾಪಕವನ್ನೂ ಕೊಡುತ್ತಿದೆ. ಇಂದು ಅದರಲ್ಲಿ ಕನ್ನಡವನ್ನು ಆರಿಸಿಕೊಳ್ಳಬಹುದು. ಕೊರತೆ ಇದ್ದದ್ದು ಕನ್ನಡದಲ್ಲಲ್ಲ, ಪರದೆಯಲ್ಲಿ.

ಅಂದು ರಾತ್ರಿ ಊರಿನ ಮನೆಯಲ್ಲಿ ಮಲಗಿದಾಗ ನನ್ನ ಮೊದಲ ವರ್ಷದ ಬಿ.ಇ. ನೆನಪಾಯಿತು. ಕನ್ನಡ ಮಾಧ್ಯಮದಿಂದ ಹೋದವನು ನಾನು. ಮೊದಲ ವೈವಾದಲ್ಲಿ ಉತ್ತರ ಗೊತ್ತಿತ್ತು, ಇಂಗ್ಲಿಷ್ ಬಾಯಿಗೆ ಬರಲಿಲ್ಲ. ಪರೀಕ್ಷಕರು "ಇವನಿಗೆ ಏನೂ ಗೊತ್ತಿಲ್ಲ" ಎಂದರು. ಓದು ಬಿಟ್ಟು ಊರಿಗೆ ಬರುವ ಯೋಚನೆಯಲ್ಲಿದ್ದೆ. ಮುಂದಿನ ಸೆಮಿಸ್ಟರ್‌ನಲ್ಲಿ ಇನ್ನೊಬ್ಬರು ಸೀಮೆಸುಣ್ಣ ಕೈಗಿಟ್ಟು, "ಮಾತು ಬೇಡ, ಸರ್ಕ್ಯೂಟ್ ಬರೆದು ತೋರಿಸು" ಎಂದರು. ಬರೆದೆ. ಆ ದಿನ ಅವರು ಒಂದು ಕೀಲಿ ಒತ್ತಿ ನೋಡಿದ್ದರಿಂದ ನಾನು ಇಂದು ಇಲ್ಲಿ ನಿಂತಿದ್ದೇನೆ.

ಗುರುಗಳಿಗೆ ಹೇಳುವಷ್ಟು ದೊಡ್ಡವನಲ್ಲ, ಕೇಳಿಕೊಳ್ಳುತ್ತೇನೆ. ತರಗತಿಯಲ್ಲಿ ಬಾಯಿಬಿಡದ ಮಗುವನ್ನು ದಡ್ಡ ಎನ್ನುವ ಮೊದಲು ಬೇರೊಂದು ರೀತಿಯಲ್ಲಿ ಕೇಳಿ ನೋಡಿ. ಹಳೆಯ ಗೆಳೆಯರೇ, ನಾನು ತಿಂಗಳಿಗೊಂದು ಶನಿವಾರ ಆ ಕೊಠಡಿಗೆ ಬರುತ್ತೇನೆ, ನೀವೂ ಬನ್ನಿ. ಆರನೆಯ ಕಂಪ್ಯೂಟರ್ ಇಂದಿಗೂ ನಡೆಯುತ್ತಿದೆ.